ಒಂದಾ, ಎರಡಾ?

ಸಗಟು ಮಾರುಕಟ್ಟೆಯ ಮೆಟ್ಟಿಲ ಕೆಳಗೆ ಒಂದು ಅಂಗಡಿಯಿದೆ. ಇಬ್ಬರು ಒಳಗೆ ನಿಂತರೆ ಮೂರನೆಯವರು ಬೀದಿಯಲ್ಲೇ ನಿಂತು ಮಾತಾಡಬೇಕು, ಅಷ್ಟು ಇಕ್ಕಟ್ಟು. ಅಲ್ಲಿ ಕೂತು ತಕ್ಕಡಿ ರಿಪೇರಿ ಮಾಡುವ ಹೆಂಗಸಿಗೆ ಮಾರುಕಟ್ಟೆಯವರು ಇಟ್ಟ ಹೆಸರು ಗ್ರಾಮಕ್ಕ. ಹೊಸಬರು ಯಾವುದೋ ಹಳ್ಳಿಯಿಂದ ಬಂದವಳಿರಬೇಕು ಅಂದುಕೊಳ್ಳುತ್ತಾರೆ. ಅವಳು ಹಳ್ಳಿಯ ಮುಖ ಕಂಡಿದ್ದೇ ಬಸ್ಸಿನ ಕಿಟಕಿಯಿಂದ. ಹೆಸರಿನಲ್ಲಿರುವುದು ತೂಕದ ಗ್ರಾಂ. ಒಂದು ಗ್ರಾಂ ತಪ್ಪಿದರೂ ತಕ್ಕಡಿಯನ್ನು ಬಾಗಿಲು ದಾಟಲು ಬಿಡುವುದಿಲ್ಲವೆಂದು ವ್ಯಾಪಾರಿಗಳು ಮೊದಲು ಬೇಸರದಿಂದ ಕರೆದರು, ಆಮೇಲೆ ಅಭಿಮಾನದಿಂದ ಕರೆದರು, ಈಗ ಅವಳ ನಿಜವಾದ ಹೆಸರು ಯಾರಿಗೂ ನೆನಪಿಲ್ಲ.

ಕೆಲಸ ಅಪ್ಪನಿಂದ ಬಂದದ್ದು. ಹನ್ನೆರಡು ವರ್ಷಕ್ಕೇ ಸ್ಪ್ರಿಂಗಿನ ಗುಣ ಕಲಿತವಳು, ಈಗ ಐವತ್ತೊಂದು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, ನೋಡಲು ಬಂದ ಗಂಡುಗಳ ಮಾತಿಗೆ ತೂಕವಿರಲಿಲ್ಲ ಎನ್ನುತ್ತಾಳೆ. ಕ್ಷೌರದ ಅಂಗಡಿಯಿಟ್ಟಿರುವ ತಮ್ಮ, ಅವನ ಹೆಂಡತಿ, ಅವರ ಮನೆಯ ಹಿಂದಿನ ಕೋಣೆಯಲ್ಲಿ ಇವಳು. ಸಂಸಾರ ಅಷ್ಟೇ.

ಗ್ರಾಮಕ್ಕನಿಗೆ ಭಾಷೆಯಲ್ಲಿ ಒಂದೇ ಒಂದು ಪದದ ಮೇಲೆ ಹಗೆ: ಒಂದೆರಡು. ಆಲೂಗಡ್ಡೆ ವ್ಯಾಪಾರಿ ಬಂದು, ಒಂದೆರಡು ಗ್ರಾಂ ಹೆಚ್ಚುಕಮ್ಮಿ ತೋರಿಸುತ್ತೆ ಅಷ್ಟೇ, ಅಳತೆ ಇಲಾಖೆಯ ಮುದ್ರೆ ಹಾಕಿಸಿಬಿಡಿ ಎಂದು ಹಲ್ಲು ಕಿರಿದರೆ ಮುಗಿಯಿತು. ಸ್ಕ್ರೂಡ್ರೈವರ್ ಕೆಳಗಿಟ್ಟು, ಕನ್ನಡಕದ ಮೇಲಿಂದ ನೋಡಿ ಕೇಳುತ್ತಾಳೆ.

"ಒಂದಾ, ಎರಡಾ?"

ಅವನು ತಕ್ಕಡಿ ಅಲ್ಲೇ ಬಿಟ್ಟು ಹೊರಡುತ್ತಾನೆ. ಒಂದೆರಡು ಎನ್ನುವುದು ಲೆಕ್ಕವಲ್ಲ, ಲೆಕ್ಕ ತಪ್ಪಿಸಿಕೊಳ್ಳುವ ಸಂದಿ ಎಂದು ಅವಳ ವಾದ. ಈ ಪ್ರಶ್ನೆ ಎಷ್ಟು ಹೆಸರಾಯಿತೆಂದರೆ ಟೀ ಅಂಗಡಿಯವನೂ ಸಕ್ಕರೆ ಒಂದೆರಡು ಚಮಚ ಎಂದವರಿಗೆ ಗ್ರಾಮಕ್ಕನ ದನಿಯಲ್ಲೇ ಕೇಳಿ ನಗಿಸುತ್ತಾನೆ.

ಅವಳ ಮೇಜಿನ ಕೆಳಗೆ ಒಂದು ದೊಡ್ಡ ಬಿಸ್ಕತ್ತಿನ ಡಬ್ಬವಿದೆ. ಅದರಲ್ಲಿ ಬಿಸ್ಕತ್ತಿಲ್ಲ, ಮಾತ್ರೆ ಬಿಡಿಸಿಕೊಂಡ ಖಾಲಿ ಪಟ್ಟಿಗಳಿವೆ. ಮಾರುಕಟ್ಟೆಯ ನೆಲ ಕಲ್ಲುಚಪ್ಪಡಿ, ಒಂದರಂತೆ ಒಂದಿಲ್ಲ. ಮೂಟೆ ತೂಗುವ ದೊಡ್ಡ ತಕ್ಕಡಿಗಳನ್ನು ಅದರ ಮೇಲೆ ಇಟ್ಟರೆ ಒಂದು ಕಾಲು ಮೇಲೇಳುತ್ತದೆ. ರಟ್ಟು ಮಡಚಿ ಇಟ್ಟರೆ ನೀರು ಕುಡಿದು ಕುಸಿಯುತ್ತದೆ. ಮಾತ್ರೆಯ ಪಟ್ಟಿಯ ತಗಡುಹಾಳೆ ಹಾಗಲ್ಲ. ತುಕ್ಕು ಹಿಡಿಯುವುದಿಲ್ಲ, ಎರಡು ಮಡಿಕೆ ಬೇಕಾದರೆ ಎರಡು, ಮೂರು ಬೇಕಾದರೆ ಮೂರು. ಹೀಗಾಗಿ ಗ್ರಾಮಕ್ಕ ಒಂದು ಪಟ್ಟಿಯನ್ನೂ ಎಸೆದವಳಲ್ಲ. ಮಾರುಕಟ್ಟೆಯ ಅರ್ಧ ತಕ್ಕಡಿಗಳ ಕಾಲಡಿಯಲ್ಲಿ ಅವಳ ಪಟ್ಟಿಗಳಿದ್ದವು.

ಪಟ್ಟಿಗಳು ಅಷ್ಟೊಂದು ಎಲ್ಲಿಂದ ಬಂದವು ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಇಪ್ಪತ್ತು ಕೆಜಿಯ ಕಬ್ಬಿಣದ ತೂಕದ ಬಟ್ಟು ಅವಳ ಪಾದದ ಮೇಲೆ ಬಿದ್ದಿತ್ತು. ಡಾಕ್ಟರು ನೋವಿಗೆ ಮಾತ್ರೆ ಬರೆದರು: ಬೆಳಿಗ್ಗೆ ಒಂದು, ಸಂಜೆ ಒಂದು, ಊಟವಾದ ಮೇಲೆ, ಐದು ದಿನ. ಗ್ರಾಮಕ್ಕನಿಗೆ ಕಾಗದ ಕಂಡರೆ ಲ್ಯಾಮಿನೇಷನ್ ಮಾಡಿಸುವ ಚಟ. ಲೈಸೆನ್ಸು, ಅಪ್ಪನ ಫೋಟೋ, ಕರೆಂಟ್ ಕಚೇರಿಯವರ ರಸೀದಿ, ಎಲ್ಲದಕ್ಕೂ ಪ್ಲಾಸ್ಟಿಕ್ ಅಂಗಿ. ಆ ಚೀಟಿಗೂ ಹೊಲಿಸಿದಳು. ಪಾದ ಹದಿನೈದು ದಿನಕ್ಕೆ ವಾಸಿಯಾಯಿತು, ಚೀಟಿ ಮಾತ್ರ ಗಟ್ಟಿಯಾಗಿ ಉಳಿಯಿತು. ಮಾತ್ರೆ ಕತ್ತು ನೋವಿಗೂ ಆಗುತ್ತೆ ಎಂದು ಗೊತ್ತಾಯಿತು, ಸೊಂಟಕ್ಕೂ ಆಗುತ್ತೆ ಎಂದು ಗೊತ್ತಾಯಿತು, ಕೊನೆಗೆ ತಲೆನೋವಿಗೆ ಕಾಯಂ ಆಯಿತು. ಔಷಧಿ ಅಂಗಡಿಯವನು ಮೊದಲ ವರ್ಷ ಚೀಟಿ ನೋಡಿದ, ಎರಡನೆಯ ವರ್ಷ ಅದರ ಹೊಳಪು ನೋಡಿದ, ಆಮೇಲೆ ಅವಳ ಮುಖ ಕಂಡ ಕೂಡಲೇ ಕೈ ತಾನಾಗಿ ಆ ಕಪಾಟಿಗೆ ಹೋಗತೊಡಗಿತು. ವರ್ಷದ ಅವಧಿ ಮುಗಿದ ಮುದ್ರೆಯ ತಕ್ಕಡಿ ಕಂಡರೆ ಕೆಂಡವಾಗುವವಳು, ಐದು ದಿನದ ಚೀಟಿಯನ್ನು ಒಂಬತ್ತು ವರ್ಷ ಓಡಿಸಿದಳು. ನನಗೆ ಈಗಲೂ ಬಗೆಹರಿಯದ ಸೋಜಿಗ ಇದು. ಅವಳು ದಡ್ಡಿಯಲ್ಲ, ಸುಳ್ಳಿಯೂ ಅಲ್ಲ. ಆದರೂ ಹಾಗಾಯಿತು.

ತಮ್ಮನ ಎರಡೂ ಕಿಡ್ನಿ ಕೈಕೊಟ್ಟಾಗ ಅವನಿಗೆ ನಲವತ್ತನಾಲ್ಕು. ವಾರಕ್ಕೆ ಮೂರು ದಿನ ಅಂಗಡಿ ಮುಚ್ಚಿ ಆಸ್ಪತ್ರೆಗೆ ಹೋಗಿ ಯಂತ್ರಕ್ಕೆ ಕೈ ಕೊಟ್ಟು ನಾಲ್ಕು ಗಂಟೆ ಮಲಗಬೇಕು. ಬಾಯಿಗೆ ಬಿಡುವಿಲ್ಲದೆ ಮಾತಾಡುತ್ತಿದ್ದ ಮನುಷ್ಯ ಡಯಾಲಿಸಿಸ್ ಮುಗಿಸಿ ಬಂದ ದಿನ ಗೋಡೆ ನೋಡುತ್ತಾ ಕೂರುತ್ತಿದ್ದ. ದಿನಕ್ಕೆ ಕುಡಿಯಬಹುದಾದ ನೀರು ಇಷ್ಟೇ ಎಂದು ಕಟ್ಟು. ಗ್ರಾಮಕ್ಕ ಅವನ ಬಾಟಲಿಗೆ ಐವತ್ತು ಐವತ್ತು ಎಂಎಲ್‌ಗೆ ಸಣ್ಣ ಗೆರೆ ಕೊರೆದು, ಮೇಲಿನ ಗೆರೆಗೆ ಕೆಂಪು ಬಣ್ಣ ಹಚ್ಚಿ ಕೊಟ್ಟಳು. ಯಾರಾದರೂ ಕಿಡ್ನಿ ಕೊಟ್ಟರೆ ಇದೆಲ್ಲ ತಪ್ಪುತ್ತದೆ ಎಂದರು ಡಾಕ್ಟರು. ತಮ್ಮನ ಹೆಂಡತಿಯ ರಕ್ತ ಹೊಂದಲಿಲ್ಲ. ಅಕ್ಕನದು ಹೊಂದಿತು.

ಹೊಂದಿತು ಎಂದು ತಿಳಿದ ದಿನ ಗ್ರಾಮಕ್ಕ ಯೋಚಿಸಲೇ ಇಲ್ಲ. ಎರಡಿವೆ, ಒಂದು ತಗೊಳ್ಳಿ ಎಂದುಬಿಟ್ಟಳು. ತಮ್ಮ ಬಹಳ ದಿನದ ಮೇಲೆ ನಕ್ಕ. ಕೊಡುವ ಮುಂಚೆ ತೂಗಿ ಕೊಡು, ಗ್ರಾಂ ಕಮ್ಮಿಯಾದರೆ ವಾಪಸ್ ಕಳಿಸ್ತೀನಿ ಎಂದ. ಅವನ ಹೆಂಡತಿ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ಆ ಮನೆಗೆ ಎಷ್ಟೋ ತಿಂಗಳ ಮೇಲೆ ಉಸಿರು ಬಂದ ಹಾಗಾಯಿತು.

ಕೊಡುವವರಿಗೂ ನೂರೆಂಟು ಪರೀಕ್ಷೆ. ಡಾಕ್ಟರಮ್ಮ ಒಂದು ಫಾರಂ ಹಿಡಿದು ಕೇಳುತ್ತಾ ಹೋದರು: ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ, ಆಪರೇಷನ್ ಆಗಿಲ್ಲ. ದಿನಾ ಯಾವುದಾದರೂ ಔಷಧಿ ತಗೊಳ್ತೀರಾ ಎಂಬಲ್ಲಿಗೆ ಬಂದರು. ಯಾವುದೂ ಇಲ್ಲ ಎಂದಳು ಗ್ರಾಮಕ್ಕ, ಕಡ್ಡಿ ಮುರಿದ ಹಾಗೆ. ಅವಳು ಸುಳ್ಳು ಹೇಳಲಿಲ್ಲ. ಔಷಧಿ ಎಂದರೆ ಕಾಯಿಲೆಯವರು ತೆಗೆದುಕೊಳ್ಳುವುದು. ತನ್ನದು ಬರೀ ತಲೆನೋವಿನದು. ಬೆಳಿಗ್ಗೆ ಷಟರ್ ಎತ್ತುವುದು, ಎಣ್ಣೆ ಬಿಡುವುದು, ಮಾತ್ರೆ ನುಂಗುವುದು, ಇವೆಲ್ಲ ಒಂದೇ ಸಾಲಿನ ಕೆಲಸಗಳು.

ವರದಿ ಬಂತು. ಕಿಡ್ನಿಯ ಶಕ್ತಿ ನೂರಕ್ಕೆ ಐವತ್ತೆರಡು ತೋರಿಸುತ್ತಿತ್ತು, ಕೊಡಬೇಕಾದರೆ ಎಂಬತ್ತರ ಮೇಲಿರಬೇಕು. ಇನ್ನೊಮ್ಮೆ ರಕ್ತ ತೆಗೆದರು, ಅದೇ ಬಂತು. ಡಾಕ್ಟರಮ್ಮನಿಗೂ ಕಾರಣ ಹೊಳೆಯಲಿಲ್ಲ. ಎರಡು ವಾರ ಬಿಟ್ಟು ನೋಡೋಣ ಎಂದರು.

ಬೇರೆ ಯಾರಾದರೂ ಹೆದರಿ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಗ್ರಾಮಕ್ಕನಿಗೆ ಹೆದರಿಕೆಗಿಂತ ಮೊದಲು ಕುತೂಹಲ ಹುಟ್ಟಿತು. ನಲವತ್ತೆಂಟು ಎಲ್ಲಿ ಹೋಯಿತು? ತಕ್ಕಡಿ ಸುಮ್ಮನೆ ತಪ್ಪುವುದಿಲ್ಲ. ಎಲ್ಲೋ ಧೂಳು ಕೂತಿರುತ್ತದೆ, ಎಲ್ಲೋ ತಿರುಪು ಸವೆದಿರುತ್ತದೆ, ಹುಡುಕಿದರೆ ಸಿಗಲೇಬೇಕು. ಅವಳು ಒಂದು ನೋಟ್ ಪುಸ್ತಕ ತಂದು ತನ್ನನ್ನೇ ರಿಪೇರಿಗೆ ಬಂದ ಮಾಲಿನ ಹಾಗೆ ದಾಖಲು ಮಾಡಿಕೊಂಡಳು.

ಮೊದಲ ಅನುಮಾನ ಸೀಮೆಎಣ್ಣೆಯ ಮೇಲೆ. ಬಿಡಿಭಾಗ ತೊಳೆಯಲು ದಿನವೂ ಅದರಲ್ಲಿ ಕೈ ಅದ್ದುತ್ತಿದ್ದಳು. ಕೈಗವಸು ತಂದಳು. ಎರಡನೆಯದು ಅಂಗಡಿಯ ನಲ್ಲಿಯ ನೀರು. ಮನೆಯಿಂದ ನೀರು ತರತೊಡಗಿದಳು. ಮೂರನೆಯದು ಹೊಳೆದಾಗ ಮಾತ್ರ ಅವಳು ಸ್ಟೂಲಿನಿಂದ ಎದ್ದು ನಿಂತಳು: ಸೀಸ. ಕಬ್ಬಿಣದ ಬಟ್ಟುಗಳ ತಳದಲ್ಲಿ ಒಂದು ಗುಳಿಯಿರುತ್ತದೆ. ತೂಕ ಸವೆದರೆ ಅದಕ್ಕೆ ಸೀಸ ಕರಗಿಸಿ ಹುಯ್ಯಬೇಕು. ನಲವತ್ತು ವರ್ಷ ಆ ಹೊಗೆಯ ಮುಂದೆ ಕೂತಿದ್ದಾಳೆ. ಆಸ್ಪತ್ರೆಗೆ ಓಡಿ ಹೇಳಿದಳು. ಡಾಕ್ಟರಮ್ಮ ಮೆಚ್ಚಿಕೊಂಡರು, ಒಳ್ಳೆಯ ಸುಳಿವು ಎಂದು ರಕ್ತ ಕಳಿಸಿದರು. ವರದಿಗಾಗಿ ಕಾದ ಆರು ದಿನ ಗ್ರಾಮಕ್ಕನ ತಲೆ ಸಿಡಿದುಹೋಗುತ್ತಿತ್ತು. ಚಿಂತೆಗೆ ಇರಬೇಕು ಎಂದು ಇನ್ನೊಂದು ಮಾತ್ರೆ ನುಂಗಿ, ಪಟ್ಟಿ ಖಾಲಿಯಾದದ್ದನ್ನು ಕಂಡು ಡಬ್ಬಕ್ಕೆ ಹಾಕಿ, ಮತ್ತೆ ನೋಟ್ ಪುಸ್ತಕ ತೆರೆದು ಹುಡುಕಾಟ ಮುಂದುವರಿಸಿದಳು.

ರಕ್ತದಲ್ಲಿ ಸೀಸ ಮಿತಿಯೊಳಗೇ ಇತ್ತು. ಅವಳಿಗೆ ನಿರಾಶೆಯಾಯಿತು. ಕಳ್ಳ ಸಿಕ್ಕಿದ ಎಂದುಕೊಂಡಾಗ ಅವನು ಒಳ್ಳೆಯವನು ಎಂದು ಗೊತ್ತಾದರೆ ಆಗುತ್ತದಲ್ಲ, ಅಂಥ ನಿರಾಶೆ.

ಅದಾದ ಮೂರನೆಯ ದಿನ ತಮ್ಮನ ಜೊತೆ ಡಯಾಲಿಸಿಸ್‌ಗೆ ಹೋಗಿದ್ದಳು. ಒಳಗೆ ಕರೆಯುವವರೆಗೆ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಬೆಳಗಿನಿಂದ ಹಣೆಯ ಎರಡೂ ಪಕ್ಕ ಹಿಂಡುತ್ತಿತ್ತು. ಪರ್ಸಿನಿಂದ ಎರಡು ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡಳು. ನೀರಿಗೆ ಎದ್ದು ಹೋಗಲು ಬೇಸರವಾಗಿ ಪಕ್ಕದಲ್ಲಿದ್ದ ತಮ್ಮನ ಬಾಟಲಿ ಎತ್ತಿ ಒಂದು ಗುಟುಕು ಕುಡಿದಳು.

ತಮ್ಮ ಬಾಟಲಿ ತೆಗೆದುಕೊಂಡು ಕಣ್ಣಿನ ಮಟ್ಟಕ್ಕೆ ಹಿಡಿದ. ಆ ನೀರು ಅವನಿಗೆ ಸಂಜೆಯವರೆಗೆ ಬರಬೇಕು. ಒಂದು ಗೆರೆ ಇಳಿದಿತ್ತು. ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಐವತ್ತು ಎಂಎಲ್ ಖರ್ಚು ಮಾಡಿ ನುಂಗುವಂಥದ್ದು ಏನು ಎಂದು ಕೇಳಿದ.

"ಏನಿಲ್ಲ, ತಲೆನೋವಿಂದು."

ಕೊಡಿಲ್ಲಿ ಎಂದು ಪಟ್ಟಿ ಇಸಿದುಕೊಂಡು ಹೆಸರು ಓದಿದ. ಓದಿ, ಎದುರಿನ ಗೋಡೆ ನೋಡಿದ. ಅಲ್ಲಿ ಕಿಡ್ನಿ ರೋಗಿಗಳು ಮುಟ್ಟಲೇಬಾರದ ಮಾತ್ರೆಗಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದ ಫಲಕ ತೂಗುತ್ತಿತ್ತು. ವಾರಕ್ಕೆ ಮೂರು ದಿನ, ಒಳಗೆ ಕರೆಯುವವರೆಗೆ ಇದೇ ಬೆಂಚಿನಲ್ಲಿ ಕೂತು ಅದನ್ನು ಓದಿ ಓದಿ ಅವನಿಗೆ ಬಾಯಿಪಾಠವಾಗಿತ್ತು. ಎರಡನೆಯ ಸಾಲಿನಲ್ಲಿ ಇದೇ ಹೆಸರು.

"ದಿನಕ್ಕೆ ಎಷ್ಟು ತಗೊಳ್ತೀಯಾ ಅಕ್ಕಾ?"

"ಒಂದೆರಡು."

ತಮ್ಮ ತಿರುಗಿ ಅವಳ ಮುಖ ನೋಡಿದ. ತಮಾಷೆ ಮಾಡಲಿಲ್ಲ. ಮೆತ್ತಗೆ ಕೇಳಿದ.

"ಒಂದಾ, ಎರಡಾ?"

ನಲವತ್ತು ವರ್ಷ ಊರಿಗೆಲ್ಲ ಕೇಳಿದ ಪ್ರಶ್ನೆ. ಅವಳು ಬೆರಳು ಮಡಚಿ ಎಣಿಸತೊಡಗಿದಳು. ಎಣಿಕೆ ಎರಡನೆಯ ಬೆರಳಿಗೆ ನಿಲ್ಲಲಿಲ್ಲ.

ಅವನು ಒಳಗೆ ಹೋದ ಮೇಲೆ ಗ್ರಾಮಕ್ಕ ಬೆಂಚಿನ ಮೇಲೆ ಕೂರಲಾರದೆ ಅಂಗಡಿಗೆ ಬಂದಳು. ಮಟಮಟ ಮಧ್ಯಾಹ್ನ, ಮಾರುಕಟ್ಟೆ ಅರ್ಧ ಖಾಲಿ. ಮೇಜಿನ ಕೆಳಗಿನ ಡಬ್ಬ ಹೊರಗೆಳೆದಳು. ಹೊಸ ಷಟರ್ ಹಾಕಿಸಿದ ವಾರ ತಂದಿಟ್ಟ ಡಬ್ಬ, ನಾಲ್ಕು ವರ್ಷವಾಗಿತ್ತು. ಎಣಿಸಲು ಕೂರುವವಳಲ್ಲ ಅವಳು. ಎಣಿಕೆ ತಪ್ಪುತ್ತದೆ, ತೂಕ ತಪ್ಪುವುದಿಲ್ಲ. ಹತ್ತು ಖಾಲಿ ಪಟ್ಟಿಗಳನ್ನು ಸಣ್ಣ ತಕ್ಕಡಿಗೆ ಹಾಕಿದಳು: ಹನ್ನೊಂದು ಗ್ರಾಂ. ಉಳಿದದ್ದನ್ನೂ ಅದರ ಮೇಲೆ ಸುರಿದಳು. ಪಟ್ಟಿಗಳು ತಟ್ಟೆ ತುಂಬಿ ಚೆಲ್ಲಿದವು. ಪಕ್ಕದಲ್ಲಿ ದೊಡ್ಡ ತಟ್ಟೆ ಹುಡುಕಿ ಮತ್ತೆ ಸೊನ್ನೆ ಮಾಡಿ ಹಾಕಿದಳು. ಏಳುನೂರ ನಲವತ್ತೆಂಟು ಗ್ರಾಂ.

ಪೆನ್ಸಿಲ್ ತೆಗೆದುಕೊಂಡಳು. ಆರುನೂರ ಎಂಬತ್ತು ಪಟ್ಟಿ. ಪಟ್ಟಿಗೆ ಹತ್ತರಂತೆ ಆರು ಸಾವಿರದ ಎಂಟುನೂರು ಮಾತ್ರೆ. ನಾಲ್ಕು ವರ್ಷದ ದಿನಗಳಿಂದ ಭಾಗಿಸಿದಳು. ದಿನಕ್ಕೆ ನಾಲ್ಕೂವರೆಗೂ ಮೇಲೆ. ತಕ್ಕಡಿಯನ್ನು ಖಾಲಿ ಮಾಡಿ, ಪರೀಕ್ಷೆಯ ಹಿತ್ತಾಳೆ ಬಟ್ಟು ಇಟ್ಟು, ಸರಿಯಾಗಿದೆಯೇ ಎಂದು ನೋಡಿದಳು. ಸರಿಯಾಗಿತ್ತು. ಮಾರುಕಟ್ಟೆಯ ತಕ್ಕಡಿಗಳ ಕಾಲಡಿಗೆ ಹೋದ ಪಟ್ಟಿಗಳು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ ಎಂದು ಆಮೇಲೆ ನೆನಪಾಯಿತು. ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ನಾಚಿಕೆ ಎನ್ನುವುದು ಅವಳಿಗೆ ಅಷ್ಟು ಹೊತ್ತು, ಅಷ್ಟು ಬಿಸಿಯಾಗಿ ಯಾವತ್ತೂ ಆಗಿರಲಿಲ್ಲ.

ಮರುದಿನ ಲೆಕ್ಕದ ಹಾಳೆಯನ್ನೂ ಲ್ಯಾಮಿನೇಷನ್ ಚೀಟಿಯನ್ನೂ ಡಾಕ್ಟರಮ್ಮನ ಮೇಜಿನ ಮೇಲಿಟ್ಟಳು. ಅವರು ಎರಡನ್ನೂ ಓದಿ ಕನ್ನಡಕ ತೆಗೆದರು. ಬೈಯಲಿಲ್ಲ. ಈ ಜಾತಿಯ ನೋವಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ, ಐದು ದಿನಕ್ಕೆ ದೇಹ ತಡೆದುಕೊಳ್ಳುತ್ತದೆ, ವರ್ಷಗಟ್ಟಲೆ ಆದರೆ ಸದ್ದಿಲ್ಲದೆ ಸವೆಸುತ್ತದೆ ಎಂದು ವಿವರಿಸಿದರು. ಪೂರ್ತಿ ಇದೇ ಕಾರಣ ಎಂದು ಪ್ರಮಾಣ ಮಾಡಲಾರೆ, ಆದರೆ ನನ್ನ ಅನುಮಾನ ಇದರ ಮೇಲೆಯೇ ಎಂದರು. ನಿಲ್ಲಿಸಿ, ಮೂರು ತಿಂಗಳ ಮೇಲೆ ನೋಡೋಣ. ಸ್ವಲ್ಪ ಚೇತರಿಸಬಹುದು, ಎಷ್ಟೆಂದು ಈಗ ಹೇಳಲಾಗದು.

ಹಾಗಾದರೆ ತಲೆನೋವಿಗೆ ಏನು ಮಾಡುವುದು ಎಂದು ಅವಳು ಕೇಳಿದಳು. ಡಾಕ್ಟರಮ್ಮ ಹೇಳಿದ್ದು ಕೇಳಿ ಗ್ರಾಮಕ್ಕ ಅಷ್ಟು ಸಂಕಟದಲ್ಲೂ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ನೋವಿನ ಮಾತ್ರೆಯನ್ನು ದಿನಾ ತಗೊಂಡರೆ ಮಾತ್ರೆಯೇ ತಲೆನೋವು ತರುತ್ತದಂತೆ. ಒಂದರ ಪ್ರಭಾವ ಇಳಿಯುವಾಗ ತಲೆ ಇನ್ನೊಂದು ಕೇಳುತ್ತದೆ. ಆ ಕೇಳುವುದೇ ನೋವು. ಅಂದರೆ ಇಷ್ಟು ವರ್ಷ ನಾನು ನುಂಗಿದ್ದು ಹಿಂದಿನ ದಿನ ನುಂಗಿದ್ದಕ್ಕೆ ಔಷಧಿಯೇ ಎಂದು ಅವಳು ಕೇಳಿದಳು. ಹೆಚ್ಚುಕಡಿಮೆ ಹಾಗೇ ಎಂದರು ಡಾಕ್ಟರಮ್ಮ. ಅಪ್ಪ ಕಲಿಸಿದ ಮೊದಲ ಪಾಠ ಅವಳಿಗೆ ನೆನಪಾಯಿತು: ತಕ್ಕಡಿಯನ್ನು ಅನುಮಾನಿಸು, ಪರೀಕ್ಷೆಯ ಬಟ್ಟನ್ನು ಅನುಮಾನಿಸಬೇಡ. ಅವಳು ಎಲ್ಲವನ್ನೂ ಅನುಮಾನಿಸಿದ್ದಳು, ಸೀಮೆಎಣ್ಣೆ, ನೀರು, ಸೀಸ. ನೋವು ಸರಿಮಾಡಲು ಕೈಗೆತ್ತಿಕೊಂಡ ಮಾತ್ರೆಯನ್ನು ಮಾತ್ರ ಪರೀಕ್ಷೆಯ ಬಟ್ಟಿನ ಹಾಗೆ ಬಿಟ್ಟಿದ್ದಳು.

ಮಾತ್ರೆ ಬಿಟ್ಟ ಮೊದಲ ಹತ್ತು ದಿನ ಯಾರಿಗೂ ಬೇಡ. ಬೆಳಕು ಕಂಡರೆ ಆಗದು, ಅನ್ನದ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ತಮ್ಮನ ಹೆಂಡತಿ ಹಣೆಗೆ ಒದ್ದೆ ಬಟ್ಟೆ ಹಾಕಿ ಹಾಕಿ ಸೋತಳು. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ತಮ್ಮ ತನ್ನ ಅಂಗಡಿಯ ಬದಲು ಇವಳ ಬಾಗಿಲಲ್ಲಿ ಕೂತು, ಔಷಧಿ ಅಂಗಡಿಯ ಕಡೆಗೆ ಯಾರೂ ಹೋಗದ ಹಾಗೆ ಕಾವಲು ಕಾದ. ಒಬ್ಬ ರೋಗಿ ಇನ್ನೊಬ್ಬ ರೋಗಿಗೆ ಕಾವಲು ಎಂದು ಅವನೇ ನಗುತ್ತಿದ್ದ. ಹದಿನಾರನೆಯ ದಿನ ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಏನೋ ಕಳೆದುಹೋದ ಹಾಗೆ ಅನ್ನಿಸಿತು. ಕನ್ನಡಕ ಇತ್ತು, ಬೀಗದ ಕೈ ಇತ್ತು. ಆಮೇಲೆ ಗೊತ್ತಾಯಿತು, ತಲೆನೋವು ಇಲ್ಲ. ಒಂಬತ್ತು ವರ್ಷದ ಮೇಲೆ ತಲೆ ಬರೀ ತಲೆಯಾಗಿತ್ತು. ಅವಳು ಅದನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟಳು.

ಮೂರು ತಿಂಗಳು ಮನೆಯವರೆಲ್ಲ ಆ ಮರುಪರೀಕ್ಷೆಯನ್ನೇ ಯೋಚಿಸುತ್ತಿದ್ದರು. ಗ್ರಾಮಕ್ಕ ಹೊತ್ತು ಹೊತ್ತಿಗೆ ಉಂಡಳು, ನಡೆದಳು, ಮಲಗಿದಳು. ಎಂಬತ್ತಾಗಲಿ, ಎಂಬತ್ತೇ ಆಗಲಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಸ್ಕ್ರೂ ತಿರುಗಿಸಿದಳು.

ಅರವತ್ತೊಂದು ಬಂತು.

ಡಾಕ್ಟರಮ್ಮನಿಗೆ ನಿಜಕ್ಕೂ ಸಂತೋಷವಾಗಿತ್ತು; ಹೀಗೆ ಒಂಬತ್ತು ಏರಿದ್ದು ದೊಡ್ಡ ಮಾತು, ಜೋಪಾನ ಮಾಡಿದರೆ ನಿಮ್ಮ ಆಯಸ್ಸಿಗೆ ಸಾಕು ಎಂದರು. ಮತ್ತೆ ಕಿಡ್ನಿ ಕೊಡುವುದು ಎಂದು ಗ್ರಾಮಕ್ಕ ಬಾಯಿ ತೆರೆದಳು. ಅವರು ಆಗದೆಂದು ತಲೆಯಾಡಿಸಿದರು.

"ಎರಡೂ ಸೇರಿ ಒಂದೂ ಚಿಲ್ಲರೆ ಕಿಡ್ನಿಯಷ್ಟು ಕೆಲಸ ಮಾಡ್ತಿವೆ ಅಮ್ಮ. ಅದರಲ್ಲಿ ಒಂದು ತೆಗೆದರೆ ನೀವೂ ಆ ಯಂತ್ರಕ್ಕೇ ಬರ್ತೀರಿ."

ಅವಳು ನೇರವಾಗಿ ತಮ್ಮನ ಅಂಗಡಿಗೆ ಬಂದಳು. ಅವನು ಗಿರಾಕಿ ಇಲ್ಲದ ಹೊತ್ತಿನಲ್ಲಿ ಕುರ್ಚಿ ಒರೆಸುತ್ತಿದ್ದ. ಸುತ್ತಿಬಳಸಿ ಹೇಳಲು ಅವಳಿಗೆ ಬರುವುದಿಲ್ಲ. ಅರವತ್ತೊಂದು, ಆಗಲ್ಲ ಅಂದರು, ನಾನೇ ನುಂಗಿ ಹಾಕಿದೆ ಎಂದಳು. ತಮ್ಮ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಕನ್ನಡಿಯಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು. ಅವನು ಕನ್ನಡಿಯಲ್ಲಿದ್ದ ಅಕ್ಕನಿಗೆ ಹೇಳಿದ.

"ತೂಕ ಕಮ್ಮಿ ಮಾಲು ನಾನು ತಗೊಳ್ಳಲ್ಲ ಅಂತ ಆವತ್ತೇ ಹೇಳಿದ್ದೆ. ಎರಡನ್ನೂ ನೀನೇ ಇಟ್ಕೋ."

ಗ್ರಾಮಕ್ಕ ಕ್ಷೌರದ ಕುರ್ಚಿಯ ಮೇಲೆ ಕೂತು ಅತ್ತಳು. ಬೀದಿಯಲ್ಲಿ ಹೋಗುವವರು ನೋಡುತ್ತಾರೆಂದು ತಮ್ಮ ಅವಳ ಹೆಗಲಿಗೆ ಬಿಳಿ ಬಟ್ಟೆ ಹೊದಿಸಿ, ಕೂದಲು ಕತ್ತರಿಸುವವನ ಹಾಗೆ ಹಿಂದೆ ನಿಂತುಕೊಂಡ. ಅವನ ಕಣ್ಣೂ ಒದ್ದೆಯಾಗಿತ್ತು.

ಈಗ ಅವನ ಹೆಸರು ಕಾಯುವವರ ಪಟ್ಟಿಯಲ್ಲಿದೆ. ಯಾವಾಗ ಕರೆಯುತ್ತಾರೋ ಯಾರಿಗೂ ಗೊತ್ತಿಲ್ಲ. ಗ್ರಾಮಕ್ಕ ಮಾರುಕಟ್ಟೆಯ ಒಂದೊಂದೇ ತಕ್ಕಡಿ ಎತ್ತಿಸಿ ಕಾಲಡಿಯ ಪಟ್ಟಿಗಳನ್ನು ಕಿತ್ತು, ಹಿತ್ತಾಳೆಯ ಬಿಲ್ಲೆ ಇಟ್ಟು ಬಂದಳು. ವಾರದ ಮೂರು ದಿನವೂ ತಮ್ಮನ ಜೊತೆ ಆಸ್ಪತ್ರೆಗೆ ಹೋಗುತ್ತಾಳೆ. ಅವನ ಬಾಟಲಿಗೆ ನೀರು ತುಂಬುವುದು ಅವಳದೇ ಕೆಲಸ. ಮೊನ್ನೆ ಅವನು ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಕೆಂಪು ಗೆರೆಗಿಂತ ಒಂದೆರಡು ಹನಿ ಹೆಚ್ಚಿದೆ ಅಕ್ಕಾ ಎಂದ. ಒಂದಾ ಎರಡಾ ಎಂದು ಕೇಳಲಿ ಎಂದೇ ಹಾಗೆ ಹೇಳಿದ್ದ. ಅವಳು ಬಾಟಲಿ ಇಸಿದುಕೊಂಡು, ಗೆರೆಯವರೆಗೆ ಇಳಿಸಿ, ಮುಚ್ಚಳ ಬಿಗಿದು ಅವನ ಕೈಗೆ ಕೊಟ್ಟಳು.